ಅರ್ಧ ಬೆಲೆಯ ಮಿಕ್ಸಿ

ತೊಂಬತ್ತೈದನೇ ಇಸವಿ, ಮಹಾನವಮಿಗೆ ಇನ್ನೂ ಹದಿನೈದು ದಿನ ಇರುವಾಗ ಶಿಕಾರಿಪುರದ ಜವಳಿ ವ್ಯಾಪಾರಿ ಪಂಚಾಕ್ಷರಪ್ಪನವರ ಹೆಂಡತಿ ಹಾಲಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದುಕೊಂಡರು. ಅಲ್ಲಿಗೆ ಅಡುಗೆಮನೆಯ ಕೆಲಸವೆಲ್ಲ ಸೊಸೆ ಗಂಗಾಶ್ರೀಯ ಪಾಲಿಗೆ ಬಂತು. ರೊಟ್ಟಿ ಬಡಿಯುವುದು, ಖಾರ ಅರೆಯುವುದು, ದೋಸೆಗೆ ರುಬ್ಬುವುದು, ಅದರ ಮಧ್ಯೆ ಅತ್ತೆಗೆ ತಲೆ ಬಾಚಿ ಸೀರೆ ಉಡಿಸುವುದು. ಅಂಗಡಿ ಮುಂದೆ, ಮನೆ ಹಿಂದೆ. ಹತ್ತು ಗಂಟೆಯ ಹೊತ್ತಿಗೆ ಅಂಗಡಿಯಿಂದ ಮಾವನವರು ಒಮ್ಮೆ ಕೆಮ್ಮಿದರೆ ಊಟ ಸಿದ್ಧವಿರಬೇಕು ಎಂದು ಅರ್ಥ.

ಒಂದು ಮಿಕ್ಸಿ ತರೋಣ ಎಂದು ಗಂಗಾಶ್ರೀಯ ಗಂಡ ಗುರುಪ್ರಕಾಶ ಎರಡು ಸಲ ಕೇಳಿದ. ಒರಳು ಇದ್ದ ಮನೆಗೆ ಮಿಕ್ಸಿ ಯಾಕೆ, ಅದರಲ್ಲಿ ಅರೆದದ್ದಕ್ಕೆ ರುಚಿ ಇರುವುದಿಲ್ಲ ಎಂದು ಪಂಚಾಕ್ಷರಪ್ಪ ಎರಡು ಸಲವೂ ಹೇಳಿದರು. ಮೂರನೆಯ ಸಲ ಕೇಳುವ ಧೈರ್ಯ ಅವನಿಗೆ ಆಗಲಿಲ್ಲ.

ಆಗಲೇ ವಾರಪತ್ರಿಕೆಯಲ್ಲಿ ದೆಹಲಿಯ ಕಂಪನಿಯೊಂದರ ಜಾಹೀರಾತು ಬಂದದ್ದು. ಹಬ್ಬದ ಮಾರಾಟ, ಅರ್ಧ ಬೆಲೆ, ಮೂರು ಜಾರಿನ ಮಿಕ್ಸಿ, ಐದು ವರ್ಷ ಗ್ಯಾರಂಟಿ. ಮುಂಗಡ ಬೇಡ, ಕೂಪನ್ ತುಂಬಿ ಕಳಿಸಿದರೆ ವಿ.ಪಿ.ಪಿ. ಮೂಲಕ ಮನೆಗೇ ಬರುತ್ತದೆ, ಅಂಚೆಯವನಿಗೆ ಹಣ ಕೊಟ್ಟು ಬಿಡಿಸಿಕೊಂಡರಾಯಿತು. ಗಂಗಾಶ್ರೀ ಅದನ್ನು ಕತ್ತರಿಸಿಟ್ಟುಕೊಂಡಳು. ಪಂಚಮಿಗೆ ತವರಿನವರು ಕೊಟ್ಟಿದ್ದು, ಸೀರೆಗಳಿಗೆ ಫಾಲ್ ಹೊಲಿದು ಉಳಿಸಿದ್ದು ಸೇರಿ ಎಂಟುನೂರು ಅವಳ ಹತ್ತಿರ ಇತ್ತು. ಬೇಕಾದದ್ದು ಸಾವಿರದ ನೂರು. ಉಳಿದ ಮುನ್ನೂರನ್ನು ಹಾಲಮ್ಮ ತಮ್ಮ ಟ್ರಂಕಿನ ಅಡಿಯಿಂದ ತೆಗೆಸಿಕೊಟ್ಟರು.

"ನಿಮ್ಮ ಮಾವನ ಮುಂದೆ ನನ್ನ ಹೆಸರು ತೆಗೀಬ್ಯಾಡ," ಎಂದರು.

ಗುರುಪ್ರಕಾಶ ಅಂಗಡಿಯಲ್ಲಿ ಕೂತು ಕೂಪನ್ ತುಂಬಿದ. ವಿಳಾಸ ಬರೆಯುವ ಬದಲು ಅಂಗಡಿಯ ರಬ್ಬರ್ ಸ್ಟ್ಯಾಂಪನ್ನೇ ಒತ್ತಿ ಅಂಚೆ ಡಬ್ಬಿಗೆ ಹಾಕಿ ಬಂದ.

ದೀಪಾವಳಿ ಮುಗಿದು ನಾಲ್ಕು ದಿನಕ್ಕೆ, ಮಾವನವರು ಅಂಗಡಿಯಲ್ಲಿ ಇಲ್ಲದ ಹೊತ್ತಿನಲ್ಲಿ ಪಾರ್ಸೆಲ್ ಬಂತು. ತೆರೆದು ನೋಡಿ ಹಣ ಕೊಡುತ್ತೇನೆ ಎಂದು ಗಂಗಾಶ್ರೀ ಅಂಚೆಯವನಿಗೆ ಹೇಳಿದಳು. ಹಣ ಕೊಡುವ ತನಕ ದಾರ ಬಿಚ್ಚುವ ಹಾಗಿಲ್ಲ, ಅದು ಇಲಾಖೆಯ ನಿಯಮ ಎಂದು ಅವನು ಹೇಳಿದ. ಹಣ ಕೊಟ್ಟು ಬಿಚ್ಚಿದರೆ ಮೂರು ಜಾರಿನ ಬದಲು ಎರಡೇ ಇದ್ದವು. ಚಿತ್ರದಲ್ಲಿ ಸ್ಟೀಲಿನಂತೆ ಕಂಡದ್ದು ತೆಳ್ಳನೆಯ ಪ್ಲಾಸ್ಟಿಕ್ಕು. ಆದರೂ ಅತ್ತೆ ಸೊಸೆ ಇಬ್ಬರೂ ಖುಷಿಯಲ್ಲೇ ಇದ್ದರು. ಮೊದಲ ದಿನ ಶೇಂಗಾ ಚಟ್ನಿ ಆಯಿತು. ಪಂಚಾಕ್ಷರಪ್ಪ ಎರಡು ಸಲ ಹಾಕಿಸಿಕೊಂಡು ತಿಂದರು, ಒರಳಿನದಲ್ಲ ಎಂದು ಯಾರೂ ಹೇಳಲಿಲ್ಲ. ಮೂರನೆಯ ದಿನ ನೆನೆಸಿದ ಅಕ್ಕಿ ಹಾಕಿ ತಿರುಗಿಸಿದಾಗ ಒಳಗಿನಿಂದ ಸುಟ್ಟ ವಾಸನೆ ಬಂತು, ಹೊಗೆ ಬಂತು, ಮಿಕ್ಸಿ ನಿಂತುಹೋಯಿತು.

ಹೊಗೆಯ ವಾಸನೆಗೆ ಪಂಚಾಕ್ಷರಪ್ಪ ಅಂಗಡಿಯಿಂದ ಎದ್ದು ಬಂದರು. ಇದು ಎಲ್ಲಿಂದ ಬಂತು, ಯಾರು ತರಿಸಿದ್ದು ಎಂದು ಕೇಳಿದರು. ನಾನೇ ತರಿಸಿದ್ದು, ಎಂಟುನೂರು ನನ್ನದು ಎಂದು ಗಂಗಾಶ್ರೀ ಹೇಳಿದಳು, ಉಳಿದ ಮುನ್ನೂರು ಯಾರದೆಂದು ಬಾಯಿಬಿಡಲಿಲ್ಲ. ಅವರು ಹೆಂಡತಿಯ ಕಡೆ ತಿರುಗಿ, ನಿನಗೆ ಗೊತ್ತಿತ್ತಾ ಎಂದರು.

"ನಾ ಬ್ಯಾಡ ಅಂದೆ ರೀ. ಕೇಳ್ಲಿಲ್ಲ," ಎಂದರು ಹಾಲಮ್ಮ. "ಅಕ್ಕಿನೂ ಜಾಸ್ತಿ ಹಾಕಿದ್ಲು. ಅಷ್ಟು ಹೊತ್ತು ತಿರುಗಿಸಿದ್ರೆ ಯಾವುದು ತಡಕಂತೈತೆ?"

ಗಂಗಾಶ್ರೀ ಅತ್ತೆಯ ಮುಖ ನೋಡಿದಳು. ಹಾಲಮ್ಮ ನೋಡಲಿಲ್ಲ. ಗಂಗಾಶ್ರೀ ಅರೆಬರೆ ತಿರುಗಿದ ಅಕ್ಕಿಯನ್ನು ಬಳಿದು ಒರಳಿಗೆ ಹಾಕಿ ರುಬ್ಬಲು ಕೂತಳು.

ಕಂಪನಿಗೆ ಅವಳು ಮೂರು ಕಾಗದ ಬರೆದಳು. ಪಿಯುಸಿ ಓದಿದ್ದಳು, ಇಂಗ್ಲಿಷಿನಲ್ಲೇ ಬರೆದಳು. ಮೊದಲನೆಯದಕ್ಕೆ ಉತ್ತರವಿಲ್ಲ. ಎರಡನೆಯದಕ್ಕೆ, ಮಿಕ್ಸಿಯನ್ನು ನಿಮ್ಮ ಖರ್ಚಿನಲ್ಲಿ ದೆಹಲಿಗೆ ಕಳಿಸಿ, ಪರೀಕ್ಷಿಸುತ್ತೇವೆ ಎಂದು ಅಚ್ಚು ಹಾಕಿಸಿದ ಕಾರ್ಡು ಬಂತು. ಮೂರನೆಯದನ್ನು ರಿಜಿಸ್ಟರ್ ಮಾಡಿ, ಮಿಕ್ಸಿ ಬೇಡ, ಹಣ ವಾಪಸ್ ಕೊಡಿ ಎಂದು ಬರೆದಳು. ಬಳಸಿದವರ ಅಜಾಗರೂಕತೆಯಿಂದ ಕೆಟ್ಟದ್ದಕ್ಕೆ ಕಂಪನಿ ಹೊಣೆಯಲ್ಲ, ಮಾರಿದ ಮಾಲಿನ ಹಣ ಹಿಂದಿರುಗಿಸುವುದಿಲ್ಲ ಎಂದು ಉತ್ತರ ಬಂತು. ಅದನ್ನು ಪಂಚಾಕ್ಷರಪ್ಪ ಮಗನಿಂದ ಓದಿಸಿಕೊಂಡು ಕೇಳಿದರು. ವ್ಯಾಪಾರಸ್ಥರು ಇನ್ನೇನು ಬರೆಯುತ್ತಾರೆ, ಇಲ್ಲಿಗೆ ಬಿಟ್ಟುಬಿಡಲಿ ಎಂದರು.

ಬಿಡುತ್ತಿದ್ದಳೋ ಏನೋ. ಕಾರ್ತೀಕದ ಕೊನೆಯಲ್ಲಿ ಎರಡು ದಿನದ ಮಟ್ಟಿಗೆ ಸೊರಬದ ಹತ್ತಿರ ಹೊಸಬಾಳೆಯ ತವರಿಗೆ ಹೋದಾಗ ಪಕ್ಕದ ಮನೆಯ ವನಜಮ್ಮ ಹಿತ್ತಲಿಗೆ ಕರೆದು, ಸೌದೆ ಕೊಟ್ಟಿಗೆಯಲ್ಲಿ ಗೋಣಿಚೀಲದಲ್ಲಿ ಸುತ್ತಿಟ್ಟಿದ್ದ ಒಂದು ಮಿಕ್ಸಿ ತೋರಿಸಿದಳು. ಅದೇ ಬಣ್ಣ, ಅದೇ ಕಂಪನಿ. ಡೈರಿಗೆ ಹಾಲು ಹಾಕಿ ಉಳಿಸಿದ ಹಣದಲ್ಲಿ ತರಿಸಿದ್ದಂತೆ. ಐದು ದಿನ ನಡೆದು ಸುಟ್ಟಿತ್ತು.

"ನಮ್ಮನೆಯವ್ರಿಗೆ ಹೇಳಲೇ ಇಲ್ಲ ಮಾರಾಯ್ತಿ," ಎಂದಳು ವನಜಮ್ಮ. "ಹೇಳಿದ್ರೆ ಎಂತ ಅಂತಾರೆ? ನಿಂಗೆ ಬಳಸಕ್ಕೆ ಬರಲ್ಲ ಅಂತಾರೆ. ಅದ್ಕೆ ಇಲ್ಲಿ ಇಟ್ಟಿದ್ದು."

"ನನಗೂ ಅದನ್ನೇ ಅಂದ್ರು," ಎಂದಳು ಗಂಗಾಶ್ರೀ.

ಆ ಮಿಕ್ಸಿಯನ್ನೂ ಗೋಣಿಚೀಲದ ಸಮೇತ ಬಸ್ಸಿಗೆ ಹಾಕಿಕೊಂಡು ಬಂದು, ಎರಡನ್ನೂ ಶಿಕಾರಿಪುರದ ಬಸ್ ನಿಲ್ದಾಣದ ಎದುರು ಮೋಟಾರು ರಿಪೇರಿ ಮಾಡುವ ಶಿವರಾಮನ ಮುಂದೆ ಇಟ್ಟಳು. ಅವನು ಎರಡನ್ನೂ ಬಿಚ್ಚಿದ. ಮೋಟಾರಿಗೆ ಸುತ್ತಿದ್ದು ತಾಮ್ರದ ತಂತಿಯಲ್ಲ, ಬಣ್ಣ ಹಚ್ಚಿದ ಅಲ್ಯೂಮಿನಿಯಂ. ಅಕ್ಕಿಯಲ್ಲ, ಮಜ್ಜಿಗೆ ಕಡೆದರೂ ಇದು ಒಂದು ವಾರದ ಮೇಲೆ ಬಾಳುವುದಿಲ್ಲ ಎಂದ. ಅದನ್ನೇ ಬರೆದುಕೊಡು ಎಂದು ಅವಳು ಕೇಳಿದಳು. ಅವನು ಬಿಲ್ ಪುಸ್ತಕದ ಹಾಳೆಯ ಮೇಲೆ ಬರೆದು ಸಹಿ ಹಾಕಿ, ಶಿವಮೊಗ್ಗದಲ್ಲಿ ಗ್ರಾಹಕರ ನ್ಯಾಯಾಲಯ ಇದೆ, ವಕೀಲರಿಲ್ಲದೆಯೂ ಅರ್ಜಿ ಕೊಡಬಹುದು ಎಂದು ತಿಳಿಸಿದ. ಹಿಂದೆ ಯಾರದೋ ಟಿ.ವಿ. ವಿಷಯಕ್ಕೆ ಅವನು ಅಲ್ಲಿ ಸಾಕ್ಷಿ ಹೇಳಿ ಬಂದಿದ್ದನಂತೆ.

ಅರ್ಜಿಯ ವಿಷಯ ಊಟದ ಹೊತ್ತಿನಲ್ಲಿ ಬಂತು. ಮನೆಯ ಹೆಣ್ಣುಮಗಳು ಸಾವಿರ ರೂಪಾಯಿಗೆ ಕೋರ್ಟು ಹತ್ತಿದರೆ ಪೇಟೆಯಲ್ಲಿ ಏನು ಮಾತಾಡುತ್ತಾರೆ ಎಂದು ಪಂಚಾಕ್ಷರಪ್ಪ ಕೇಳಿದರು. ಹೋದದ್ದು ಹೋಯಿತು, ಬೇಕಾದರೆ ಆ ಹಣ ನಾನೇ ಕೊಡುತ್ತೇನೆ ಎಂದರು.

"ನೀವು ಕೊಟ್ರೆ ನಾನು ಸುಟ್ಟಂಗೇ ಆತಲ್ಲ ಮಾವ," ಎಂದಳು ಗಂಗಾಶ್ರೀ. "ನಾನು ಸುಟ್ಟಿಲ್ಲ."

ಪಂಚಾಕ್ಷರಪ್ಪ ತಟ್ಟೆಯಲ್ಲೇ ಕೈ ತೊಳೆದು ಎದ್ದರು. ಆ ವಾರವೇ ಗಂಗಾಶ್ರೀ ಮತ್ತು ವನಜಮ್ಮ ಅರ್ಜಿ ಹಾಕಿ ಬಂದರು. ವನಜಮ್ಮ ಕೊನೆಗೂ ಗಂಡನಿಗೆ ಹೇಳಿದ್ದಳು. ಅವನು ಮೂರು ದಿನ ಮಾತು ಬಿಟ್ಟನಂತೆ, ನಾಲ್ಕನೆಯ ದಿನ ಬಸ್ ಚಾರ್ಜಿಗೆ ಕೊಟ್ಟನಂತೆ.

ಆಮೇಲೆ ಶುರುವಾದದ್ದು ಬರೀ ತಾರೀಕು. ಸೊರಬದಿಂದ ಬರುವ ಬಸ್ಸಿನಲ್ಲಿ ವನಜಮ್ಮ ಕಿಟಕಿ ಪಕ್ಕ ಜಾಗ ಹಿಡಿದಿರುತ್ತಿದ್ದಳು, ಶಿಕಾರಿಪುರದಲ್ಲಿ ಗಂಗಾಶ್ರೀ ಹತ್ತುತ್ತಿದ್ದಳು. ಐದಕ್ಕೆ ಎದ್ದು ರೊಟ್ಟಿ ಬಡಿದು, ಪಲ್ಯ ಮಾಡಿ, ಮುಚ್ಚಿಟ್ಟು ಹೊರಡಬೇಕು. ಮೊದಲ ಸಲ ಕಂಪನಿಗೆ ನೋಟಿಸು ತಲುಪಿಲ್ಲ ಎಂದು ಮುಂದಕ್ಕೆ ಹೋಯಿತು. ಎರಡನೆಯ ಸಲ ತಲುಪಿತ್ತು, ಆದರೆ ಕಂಪನಿಯವರು ಸಮಯ ಕೇಳಿದ್ದರು. ಮೂರನೆಯ ಸಲ ನ್ಯಾಯಪೀಠದ ಸದಸ್ಯರೊಬ್ಬರು ರಜೆ. ಪ್ರತಿ ಸಲವೂ ಸಂಜೆ ಮನೆಗೆ ಬಂದರೆ ಪಾತ್ರೆಗಳು ಹಾಗೇ ಬಿದ್ದಿರುತ್ತಿದ್ದವು, ಏನಾಯಿತು ಎಂದು ಗುರುಪ್ರಕಾಶ ಮೆಲ್ಲಗೆ ಕೇಳುತ್ತಿದ್ದ, ಮತ್ತೆ ತಾರೀಕು ಎಂದು ಅವಳು ಹೇಳುತ್ತಿದ್ದಳು. ಹಾಲಮ್ಮನ ಪಟ್ಟಿ ಬಿಚ್ಚಿದ್ದರೂ ಕೈಗೆ ಬಲ ಬಂದಿರಲಿಲ್ಲ.

ಈ ನಡುವೆ, ಸಂಕ್ರಾಂತಿ ಕಳೆದ ಮೇಲೆ, ಅಂಜನಾಪುರದ ಹುಲಿಯಮ್ಮ ಅಂಗಡಿಗೆ ಬಂದಳು. ಗದ್ದೆ ಕೆಲಸದ ಹೆಂಗಸು, ವರ್ಷಕ್ಕೆರಡು ಸಲ ಇಲ್ಲೇ ಬಟ್ಟೆ ತೆಗೆಯುವವಳು. ಮಗಳ ಸೀಮಂತಕ್ಕೆಂದು ಕೆನೆಬಣ್ಣದ ಒಡಲಿಗೆ ಕೆಂಪು ಅಂಚಿದ್ದ ಸೀರೆಯನ್ನು ತೆಗೆದುಕೊಂಡು ಹೋಗಿ ಬೀಗತಿಗೆ ಉಡುಗೊರೆ ಕೊಟ್ಟಿದ್ದಳು. ಒಂದು ಸಲ ನೀರಿಗೆ ಹಾಕಿದ್ದಕ್ಕೆ ಅಂಚಿನ ಕೆಂಪು ಒಡಲಿಗೆಲ್ಲ ಹರಡಿತ್ತು. ಕೆಟ್ಟ ಮಾಲು ಹುಡುಕಿ ತಂದು ಕೊಟ್ಟಿದ್ದಾಳೆ ಎಂದು ಬೀಗತಿ ಊರೆಲ್ಲ ಹೇಳಿ, ಸೀರೆಯನ್ನು ಮಗಳ ಕೈಯಲ್ಲೇ ವಾಪಸ್ ಕಳಿಸಿದ್ದಳು. ಹುಲಿಯಮ್ಮ ಅದನ್ನು ಪಂಚಾಕ್ಷರಪ್ಪ ಹಣದ ಪೆಟ್ಟಿಗೆ ಇಟ್ಟುಕೊಂಡು ಕೂರುವ ಗಲ್ಲೆಯ ಮುಂದೆ ಹರಡಿದಳು.

ಪಂಚಾಕ್ಷರಪ್ಪ ಅಂಚನ್ನು ಬೆರಳಿನಲ್ಲಿ ಉಜ್ಜಿ ನೋಡಿದರು. ಬಿಸಿನೀರಿಗೆ ಹಾಕಿದ್ದಾರೆ, ತೊಳೆಯಲು ಬರದವರ ಕೈಗೆ ಕೊಟ್ಟರೆ ಹೀಗೇ ಆಗುವುದು ಎಂದರು. ಗಲ್ಲೆಯ ಹಿಂದಿನ ಗೋಡೆಗೆ ಬೆರಳು ತೋರಿಸಿದರು. ಅಲ್ಲಿ, ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುವುದಿಲ್ಲ ಎಂದು ಬರೆಸಿದ ಫಲಕ ಇತ್ತು. ಹುಲಿಯಮ್ಮನಿಗೆ ಓದು ಬರುತ್ತಿರಲಿಲ್ಲ, ಆದರೂ ನೋಡಿದಳು.

ಗಂಗಾಶ್ರೀ ಅಂಗಡಿಗೆ ಮಜ್ಜಿಗೆ ತಂದವಳು ಬಾಗಿಲಲ್ಲೇ ನಿಂತಿದ್ದಳು.

"ಮಾವ, ಅದೇ ಸೀರೆ ಇನ್ನೂ ಅದಾವಲ್ಲ. ಒಂದನ್ನ ತಣ್ಣೀರಾಗೆ ನೆನೆಹಾಕಿ ನೋಡೋಣು," ಎಂದಳು.

ಅಂಗಡಿಯಲ್ಲಿ ಬೇರೆ ಇಬ್ಬರು ಗಿರಾಕಿಗಳಿದ್ದರು. ಪಂಚಾಕ್ಷರಪ್ಪ ಸೀರೆ ಮಡಚಿ ಹುಲಿಯಮ್ಮನ ಕೈಗೆ ಕೊಟ್ಟು, ಹೋಗಿ ಬಾ ಎಂದರು. ಅವಳು ಸೀರೆಯನ್ನು ಬಗಲಿಗಿಟ್ಟುಕೊಂಡು ಮೆಟ್ಟಿಲಿಳಿದು ಹೋದಳು. ಗಿರಾಕಿಗಳು ಹೋದ ಮೇಲೆ ಪಂಚಾಕ್ಷರಪ್ಪ ಒಳಗೆ ಬಂದರು.

"ಮೂವತ್ತು ವರ್ಷ ಈ ಗಲ್ಲೆ ಮ್ಯಾಲೆ ಕುಂತೀನಿ. ನನ್ನ ಅಂಗಡಿಯಾಗೆ ನಿಂತು ನನ್ನ ಮಾಲು ಖೋಟಾ ಅಂತೀಯಲ್ಲ."

"ಖೋಟಾ ಅಂದಿಲ್ಲ ಮಾವ. ನೋಡೋಣು ಅಂದೆ."

"ಎರಡೂ ಒಂದೇ."

ಎಂಟು ದಿನ ಅವರು ಗಂಗಾಶ್ರೀ ಬಡಿಸಿದ್ದನ್ನು ಉಣ್ಣಲಿಲ್ಲ. ಹಾಲಮ್ಮ ಎಡಗೈಯಲ್ಲಿ ಸೌಟು ಹಿಡಿದು ಬಡಿಸಬೇಕಾಯಿತು, ಸಾರು ಅರ್ಧ ತಟ್ಟೆಗೆ, ಅರ್ಧ ನೆಲಕ್ಕೆ. ಅಪ್ಪ, ಹೆಂಡತಿ ಇಬ್ಬರ ನಡುವೆ ಸಿಕ್ಕಿಕೊಂಡ ಗುರುಪ್ರಕಾಶ ಮನೆಯಲ್ಲಿ ಅಂಗಡಿಯ ಮಾತು, ಅಂಗಡಿಯಲ್ಲಿ ಮನೆಯ ಮಾತು ಎತ್ತುವುದನ್ನೇ ಬಿಟ್ಟ.

ಫೆಬ್ರವರಿಯ ತಾರೀಕಿಗೆ ಕಂಪನಿಯ ಪರವಾಗಿ ಶಿವಮೊಗ್ಗದವರೇ ಒಬ್ಬ ವಕೀಲರು ಬಂದರು. ವನಜಮ್ಮನ ಅರ್ಜಿಗೆ ಅವರು ಹೆಚ್ಚಿಗೆ ಏನೂ ಹೇಳಲಿಲ್ಲ. ಗಂಗಾಶ್ರೀಯದು ಬಂದಾಗ ಕೂಪನ್ನಿನ ಪ್ರತಿ ತೆಗೆದು ಪೀಠದ ಅಧ್ಯಕ್ಷರಿಗೆ ಕೊಟ್ಟರು. ಆರ್ಡರು ಬಂದದ್ದು ಅಂಗಡಿಯ ಮೊಹರಿನಲ್ಲಿ, ಪಾರ್ಸೆಲ್ ಹೋದದ್ದು ಅಂಗಡಿಯ ಹೆಸರಿಗೆ. ಇದು ವ್ಯಾಪಾರಕ್ಕೆ ತರಿಸಿದ ಮಾಲು, ವ್ಯಾಪಾರಕ್ಕೆ ತರಿಸಿದವರು ಕಾನೂನಿನ ಪ್ರಕಾರ ಗ್ರಾಹಕರಲ್ಲ, ಈಕೆಗೆ ಅರ್ಜಿ ಹಾಕುವ ಹಕ್ಕೇ ಇಲ್ಲ ಎಂದರು.

ಬಟ್ಟೆ ಅಂಗಡಿಯಲ್ಲಿ ಮಿಕ್ಸಿ ಯಾರು ಮಾರುತ್ತಾರೆ ಎಂದು ಗಂಗಾಶ್ರೀ ಕೇಳಿದಳು. ಅಧ್ಯಕ್ಷರು ಅವಳ ಮಾತನ್ನು ತಳ್ಳಿಹಾಕಲಿಲ್ಲ. ಆದರೆ ಅದನ್ನು ಅಂಗಡಿಯ ಮಾಲೀಕರೇ ಬಂದು ಹೇಳಬೇಕು, ಮುಂದಿನ ತಾರೀಕಿಗೆ ಕರೆದುಕೊಂಡು ಬನ್ನಿ ಎಂದರು.

ವಾಪಸ್ ಬರುವ ಬಸ್ಸಿನಲ್ಲಿ ಅವಳು ಅರ್ಜಿಯ ಕಾಗದಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಳು. ವನಜಮ್ಮ ತಾನು ತಂದ ಕಡುಬಿನ ಡಬ್ಬಿ ತೆಗೆದು ಕೊಟ್ಟಳು. "ತಿನ್ನು. ಹಸಿದ್ರೆ ಕೋರ್ಟಿನವ್ರು ಬೇಗ ಕೊಡ್ತಾರನ?" ಎಂದಳು. ಗಂಗಾಶ್ರೀ ತಿಂದಳು.

ಮನೆಯಲ್ಲಿ ವಿಷಯ ಹೇಳಿದಾಗ ಪಂಚಾಕ್ಷರಪ್ಪ ಮಗನ ಕಡೆ ತಿರುಗಿ ಒಂದೇ ಮಾತಿನಲ್ಲಿ ಆಗದು ಎಂದರು. ತಾನು ಬೇಡ ಎಂದದ್ದನ್ನು ತನ್ನ ಮೊಹರು ಒತ್ತಿ ತರಿಸಿ, ಈಗ ತನ್ನನ್ನೇ ಕಟಕಟೆಗೆ ಹತ್ತಿಸುವುದೇ ಎಂದು ಕೇಳಿದರು. ಗುರುಪ್ರಕಾಶ, ಮೊಹರು ಒತ್ತಿದ್ದು ನಾನು ಎಂದ. ಅವನಿಗೂ ಬೈಗುಳ ಬಿತ್ತು. ತಾರೀಕಿಗೆ ಮೂರು ವಾರ ಇತ್ತು, ಆ ಮೂರು ವಾರದಲ್ಲಿ ಈ ಮಾತು ನಾಲ್ಕು ಸಲ ಎದ್ದು ನಾಲ್ಕು ಸಲವೂ ಅಲ್ಲೇ ಬಿತ್ತು.

ತಾರೀಕಿಗೆ ಎರಡು ದಿನ ಇರುವಾಗ ಮಧ್ಯಾಹ್ನದ ಊಟಕ್ಕೆ ಕೂತಾಗ ಪಂಚಾಕ್ಷರಪ್ಪ ಮತ್ತೆ ಆ ಎಂಟುನೂರು, ಮುನ್ನೂರಿನ ಮಾತೆತ್ತಿದರು. ಗಂಡನ ಮನೆಗೆ ಹೇಳದೆ ಸಾವಿರಾರು ರೂಪಾಯಿ ಕೂಡಿಡುವ ಬುದ್ಧಿಯೇ ಸರಿಯಲ್ಲ, ಉಳಿದ ಮುನ್ನೂರು ಯಾರ ಹತ್ತಿರ ಸಾಲ ಮಾಡಿದಳೋ ಕೇಳು ಎಂದು ಮಗನಿಗೆ ಹೇಳಿದರು. ಗಂಗಾಶ್ರೀ ರೊಟ್ಟಿ ಹಾಕುತ್ತಿದ್ದವಳು ಹಾಕುತ್ತಲೇ ಇದ್ದಳು.

"ಮುನ್ನೂರು ನಾನು ಕೊಟ್ಟಿದ್ದು," ಎಂದರು ಹಾಲಮ್ಮ.

ಪಂಚಾಕ್ಷರಪ್ಪ ತುತ್ತನ್ನು ಹಿಡಿದುಕೊಂಡೇ ತಲೆ ಎತ್ತಿದರು.

"ನನ್ನ ಕೈ ಹಿಂಗಾತಲ್ಲ, ಅದಕ್ಕೇ ತರಿಸಿದ್ವಿ. ಅವತ್ತು ನಿಮ್ಮ ಮಾರಿ ನೋಡಿ ಹೆದರಿ ಬ್ಯಾಡ ಅಂದಿದ್ದೆ ಅಂದೆ. ಅಕ್ಕಿನೂ ಹೆಚ್ಚು ಹಾಕಿರ್ಲಿಲ್ಲ, ಒಂದು ಪಾವು. ನಾಲ್ಕು ತಿಂಗಳಾತು, ಆಕಿ ಒಂದು ದಿನಾನೂ ನನ್ನ ಹೆಸರು ಎತ್ತಿಲ್ಲ." ಹಾಲಮ್ಮ ಎಡಗೈಯಿಂದ ಬಲಗೈ ಮಣಿಕಟ್ಟು ಒತ್ತಿಕೊಂಡರು. "ನೀವು ಹೋಗದಿದ್ರೆ ನಾನೇ ಬಸ್ಸು ಹತ್ತೀನಿ. ಈ ಕೈ ತೋರಿಸಿ, ಅಂಗಡಿಗಲ್ಲ, ಇದಕ್ಕೆ ತರಿಸಿದ್ದು ಅಂತೀನಿ."

ಪಂಚಾಕ್ಷರಪ್ಪ ತುತ್ತು ಬಾಯಿಗಿಟ್ಟುಕೊಂಡು ಬಹಳ ಹೊತ್ತು ಅಗಿದರು. ಆಮೇಲೆ, ಬಸ್ಸು ಎಷ್ಟು ಗಂಟೆಗೆ ಎಂದು ಗಂಗಾಶ್ರೀಯನ್ನು ಕೇಳಿದರು. ಜನವರಿಯ ನಂತರ ಅವಳೊಂದಿಗೆ ನೇರವಾಗಿ ಆಡಿದ ಮೊದಲ ಮಾತು ಅದು.

ಶಿವಮೊಗ್ಗಕ್ಕೆ ಅವರು ಗರಿಗರಿ ಧೋತರ ಉಟ್ಟು, ವಿಭೂತಿ ಹಚ್ಚಿಕೊಂಡು, ಕೋಟು ಹಾಕಿಕೊಂಡು ಬಂದರು. ಮಿಕ್ಸಿ ಮನೆಯ ಅಡುಗೆಗೆ ತರಿಸಿದ್ದು, ಹೆಂಡತಿಯ ಕೈ ಮುರಿದಿತ್ತು, ಮೊಹರು ಒತ್ತಿದ್ದು ಮಗನ ತಪ್ಪು ಎಂದು ಹೇಳಿದರು. ಅಷ್ಟಕ್ಕೇ ಮುಗಿಯಬೇಕಿತ್ತು. ವಕೀಲರು ಎದ್ದು, ನೀವು ಮೂವತ್ತು ವರ್ಷದಿಂದ ವ್ಯಾಪಾರಸ್ಥರು, ಮಾರಿದ ಮಾಲನ್ನು ವಾಪಸ್ ತೆಗೆದುಕೊಳ್ಳುತ್ತೀರಾ ಎಂದು ಕೇಳಿದರು.

"ಇಲ್ಲ ಸ್ವಾಮಿ."

"ಬಣ್ಣ ಹೋಯಿತು ಅಂತ ಗಿರಾಕಿ ಬಂದರೆ ಏನು ಹೇಳ್ತೀರಿ?"

ಪಂಚಾಕ್ಷರಪ್ಪ ಸೊಸೆ ಕೂತ ಕಡೆ ಕಣ್ಣು ಹಾಯಿಸಿದರು. "ತೊಳೆಯಾಕೆ ಬಂದಿಲ್ಲ ಅಂತೀವಿ," ಎಂದರು.

"ನಮ್ಮ ಕಂಪನಿಯೂ ಅದನ್ನೇ ಹೇಳಿದೆ, ಬಳಸೋಕೆ ಬಂದಿಲ್ಲ ಅಂತ," ಎಂದು ವಕೀಲರು ಕೂತರು. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎಂದು ಅಧ್ಯಕ್ಷರು ಆ ಪ್ರಶ್ನೆಯನ್ನು ಬದಿಗಿಟ್ಟರು. ಆದರೆ ಪಂಚಾಕ್ಷರಪ್ಪನವರ ಮುಖ ಕೆಂಪಾಗಿತ್ತು. ಹೊರಗೆ ಬಂದು ನಲ್ಲಿಯ ಹತ್ತಿರ ನಿಂತು ಎರಡು ಲೋಟ ನೀರು ಕುಡಿದರು.

ಮನೆ ಸೇರಿ ಕೋಟು ಬಿಚ್ಚುವ ಮೊದಲೇ ಮಗನನ್ನು ಕರೆದು, ಆ ಕೆಂಪು ಅಂಚಿನ ಸೀರೆ ಇನ್ನೆಷ್ಟು ಉಳಿದಿವೆ ಎಂದು ಕೇಳಿದರು.

"ಒಂಬತ್ತು," ಎಂದ ಗುರುಪ್ರಕಾಶ. "ಹತ್ತಿದ್ವು. ಒಂದನ್ನ ನಾನು ತಣ್ಣೀರಾಗೆ ನೆನೆಹಾಕಿದ್ದೆ ಅಪ್ಪಾಜಿ. ಬಣ್ಣ ಬಿಡ್ತು."

"ಯಾವಾಗ?"

"ಹುಲಿಯಮ್ಮ ಬಂದ ಮಾರನೇ ದಿನ."

ತಿಂಗಳುಗಟ್ಟಲೆ ಅದನ್ನು ಬಾಯಿಬಿಡದೆ ಇಟ್ಟುಕೊಂಡದ್ದು ಗಂಗಾಶ್ರೀಗೂ ಆಗಲೇ ಗೊತ್ತಾದದ್ದು. ಅವಳು ಗಂಡನನ್ನು ನೋಡಿದ ನೋಟಕ್ಕೆ ಅವನು ತಲೆ ತಗ್ಗಿಸಿದ. ಆ ರಾತ್ರಿ ಊಟಕ್ಕೆ ಅವನೊಬ್ಬನೇ ಕೂತು ತಾನೇ ಬಡಿಸಿಕೊಂಡ.

ಏಪ್ರಿಲಿನಲ್ಲಿ ತೀರ್ಪು ಬಂತು. ಇಬ್ಬರಿಗೂ ಪೂರ್ತಿ ಹಣ, ಬಡ್ಡಿ, ಮೇಲೆ ಓಡಾಟದ ಖರ್ಚಿಗೆ ಐನೂರು ಕೊಡಬೇಕೆಂದು ಆದೇಶ. ವನಜಮ್ಮ ಅಂದೇ ಶಿವಮೊಗ್ಗದಲ್ಲಿ ಮೈಸೂರುಪಾಕು ಕೊಂಡಳು. ಆದರೆ ಕೊಟ್ಟ ಗಡುವು ಮುಗಿದರೂ ಹಣ ಬರಲಿಲ್ಲ. ಆದೇಶದ ಪ್ರತಿ ಇಟ್ಟು ಕಳಿಸಿದ ರಿಜಿಸ್ಟರ್ ಕಾಗದ, ವಿಳಾಸದಲ್ಲಿ ಯಾರೂ ಇಲ್ಲ ಎಂಬ ಷರಾ ಹೊತ್ತು ವಾಪಸ್ ಬಂತು. ವಸೂಲಿಗೆ ಮತ್ತೆ ಬೇರೆ ಅರ್ಜಿ ಹಾಕಬೇಕು, ಮತ್ತೆ ತಾರೀಕು. ಅದೇ ವಾರ ವಾರಪತ್ರಿಕೆಯಲ್ಲಿ ಅಂಥದೇ ಮಿಕ್ಸಿಯ ಚಿತ್ರ ಬೇರೆ ಕಂಪನಿಯ ಹೆಸರಿನಲ್ಲಿ, ಮದುವೆ ಹಂಗಾಮಿನ ಮಾರಾಟವೆಂದು ಬಂದಿತ್ತು. ಗಂಗಾಶ್ರೀ ಅದನ್ನೂ ಕತ್ತರಿಸಿ ಅರ್ಜಿಯ ಜೊತೆ ಇಟ್ಟಳು. ಎರಡನೆಯ ಅರ್ಜಿಗೆ ಪಂಚಾಕ್ಷರಪ್ಪ ಬೇಡ ಎನ್ನಲಿಲ್ಲ.

ಒಂದು ಸೋಮವಾರ ಅವರು ಗಂಗಾಶ್ರೀಯನ್ನು ಕರೆದುಕೊಂಡು ಅಂಜನಾಪುರಕ್ಕೆ ಹೋದರು. ಹುಲಿಯಮ್ಮ ಅಂಗಳದಲ್ಲಿ ಭತ್ತ ಹರವುತ್ತಿದ್ದವಳು ಜಗಲಿಗೆ ಚಾಪೆ ಹಾಕಿದಳು. ಪಂಚಾಕ್ಷರಪ್ಪ ಸೀರೆಯ ಹಣವನ್ನು ಚಾಪೆಯ ಮೇಲಿಟ್ಟು, ಇದನ್ನು ತಗೊಂಡುಬಿಡು ಎಂದರು.

ಹುಲಿಯಮ್ಮ ಹಣ ಮುಟ್ಟಲಿಲ್ಲ.

"ಆ ಸೀರೆ ಕತ್ತರಿಸಿ ಕೌದಿಗೆ ಹಾಕಿದೆ ಸಾವ್ಕಾರ್ರೆ," ಎಂದಳು. "ದುಡ್ಡು ತಗಂಡ್ ಏನ್ ಮಾಡ್ಲಿ? ನನ್ನ ಮಗಳು ಬಾಣಂತನಕ್ಕೆ ಬಂದಾಕೆ ಗಂಡನ ಮನಿಗೆ ಹೋಗಾಕೆ ಹೆದರ್ತಾಳೆ. ಬೀಗತಿ ಇನ್ನೂ ಆ ಸೀರೆ ಮಾತೇ ಆಡ್ತಾಳೆ. ನೀವು ಹಿಂಗಾಗಿತ್ತು ಅಂತ ಬರೆದು ಕೊಡ್ರಿ. ಆಕಿ ಮಗ ಓದ್ತಾನೆ, ಓದಿ ಹೇಳ್ತಾನೆ."

ಬರೆದುಕೊಡುವುದೆಂದರೆ ಹೆಸರು, ಊರು, ಸಹಿ ಹಾಕಿ ಕೊಡುವುದು. ಆ ಕಾಗದ ಯಾರ ಕೈಗೆ ಬೇಕಾದರೂ ಹೋಗಬಹುದು. ಪಂಚಾಕ್ಷರಪ್ಪ ಸೊಸೆಯ ಕಡೆ ನೋಡಿದರು. ಅವರು ಕೋಟಿನ ಒಳಜೇಬಿನಿಂದ ಅಂಗಡಿಯ ಹೆಸರಿದ್ದ ಹಾಳೆ ತೆಗೆದು, ತೊಡೆಯ ಮೇಲಿಟ್ಟುಕೊಂಡು ನಿಧಾನವಾಗಿ ಬರೆದರು. ಬರೆದದ್ದನ್ನು ಗಂಗಾಶ್ರೀಗೆ ಕೊಟ್ಟು, ಓದಿ ಹೇಳು ಎಂದರು.

"ನಮ್ಮ ಅಂಗಡಿಯಿಂದ ಮಾರಿದ ಸೀರೆಯು ತಣ್ಣೀರಿನಲ್ಲಿಯೂ ಬಣ್ಣ ಬಿಡುವಂಥದ್ದು ಎಂದು ಪರೀಕ್ಷೆಯಿಂದ ತಿಳಿದಿದೆ," ಎಂದು ಗಂಗಾಶ್ರೀ ಓದಿದಳು. "ಇದು ಮಾಲಿನ ದೋಷ. ತೊಳೆದವರ ತಪ್ಪಿಲ್ಲ."

ಹುಲಿಯಮ್ಮ ಕೈಕಟ್ಟಿಕೊಂಡು ಕೇಳಿದಳು. ಮುಗಿಯಿತೇ ಎಂದಳು. ಮುಗಿಯಿತು ಎಂದಳು ಗಂಗಾಶ್ರೀ.

"ತೊಳೆದಾಕೆ ಬೀಗತಿ. ಆಕಿದು ತಪ್ಪಿಲ್ಲ, ಸರಿ. ಕೊಟ್ಟಾಕೆದೂ ತಪ್ಪಿಲ್ಲ ಅಂತ ಹಾಕ್ರಿ."

ಪಂಚಾಕ್ಷರಪ್ಪ ಹಾಳೆಯನ್ನು ವಾಪಸ್ ಇಸಿದುಕೊಂಡು, ಪೆನ್ನಿನ ಮುಚ್ಚಳ ಮತ್ತೆ ತೆಗೆದರು.